ದೋಣಿಯ ಡೆಕ್ಕು, ಕ್ಯಾಬಿನ್ ಕೊರೆದು ವೈರ್ ಎಳೆಯುವುದು: ಹನಿ ನೀರೂ ಒಳಗಿಳಿಯದ ಹಾಗೆ

ಬೀದರಿನ ಕಾರಂಜಾ, ಯಾದಗಿರಿಯ ಬಸವಸಾಗರ, ಕಲಬುರಗಿ ಜಿಲ್ಲೆ ಅಫಜಲಪುರದ ಸೊನ್ನ ಬ್ಯಾರೇಜು. ಕಡಲಿಲ್ಲದ ನಮ್ಮ ಕಡೆ ದೋಣಿಯ ಕೆಲಸ ಇರುವುದು ಇಂಥ ಹಿನ್ನೀರುಗಳಲ್ಲಿ. ಮೀನು ಹಿಡಿಯುವ ಫೈಬರ್ ದೋಣಿ, ಜನರನ್ನು ಸುತ್ತಾಡಿಸುವ ಕ್ಯಾಬಿನ್ ದೋಣಿ, ನೆರೆ ಬಂದಾಗ ಹೊರಡುವ ಅಲ್ಯೂಮಿನಿಯಂ ದೋಣಿ ಎಲ್ಲದಕ್ಕೂ ಈಗ ಸರ್ಚ್‌ಲೈಟ್ ಬೇಕು, ಒಳಗೆ ನಿಂತ ನೀರೆತ್ತಲು ಬಿಲ್ಜ್ ಪಂಪು ಬೇಕು, ಚಾವಣಿ ಮೇಲೊಂದು ಸೋಲಾರ್ ಪ್ಲೇಟು ಬೇಕು. ಒಂದೊಂದರ ವೈರಿಗೂ ಡೆಕ್ಕಿನಲ್ಲೋ (ದೋಣಿಯ ಮೇಲ್‌ನೆಲ) ಕ್ಯಾಬಿನ್ನಿನಲ್ಲೋ ಒಂದು ತೂತು. 2020ರ ಅಕ್ಟೋಬರಿನ ಹಾಗೆ ಭೀಮಾ ಉಕ್ಕಿ ಹರಿಯುವ ರಾತ್ರಿ ಸರ್ಚ್‌ಲೈಟ್ ಹತ್ತದಿದ್ದರೆ ದೋಣಿ ಇದ್ದೂ ಇಲ್ಲದಂತೆ. ದೀಪ ಹತ್ತದಿರಲು ಕಾರಣ ಹುಡುಕುತ್ತ ಹೋದರೆ ಬಹಳ ಸಲ ಕೊನೆಗೆ ಸಿಗುವುದು ಚಾವಣಿಯ ತೂತಿನಿಂದ ಇಳಿದ ನೀರು, ಹಸಿರು ಹಿಡಿದ ತಾಮ್ರ.

ಆ ನೀರು ಹೊಳೆಯದಲ್ಲ, ಮಳೆಯದು. ಕಡಲಿನ ದೋಣಿಗೆ ಉಪ್ಪು ಶತ್ರು; ನಮ್ಮ ದೋಣಿಗೆ ಮೊದಲು ಬಿಸಿಲು, ಆಮೇಲೆ ಮಳೆ. ಮಾರ್ಚಿನಿಂದ ಜೂನಿನವರೆಗೆ ದಡದಲ್ಲಿ ಸುಮ್ಮನೆ ನಿಂತು ಕಾಯುವ ದೋಣಿಯ ಡೆಕ್ಕು ನಡು ಮಧ್ಯಾಹ್ನ ಕೈ ಇಡಲಾರದಷ್ಟು ಸುಡುತ್ತದೆ. ಪ್ಲಾಸ್ಟಿಕ್ಕು ಪೆಡಸಾಗುತ್ತದೆ, ಅಂಟು ಬಿರಿಯುತ್ತದೆ. ಆ ಬಿರುಕಿಗೆ ಮೃಗಶಿರಾ ಮಳೆ ಬೀಳುತ್ತದೆ. ಮಳೆನೀರು ಸಿಹಿ ನೀರು. ಮರ ಕೊಳೆಯುವುದು ಉಪ್ಪು ನೀರಿಗಿಂತ ಸಿಹಿ ನೀರಿನಲ್ಲೇ ಬೇಗ.

ಹಾಗಾಗಿ ಸೀಲಂಟಿನ, ಅಂದರೆ ಸಂದು ಮುಚ್ಚುವ ಅಂಟಿನ ಟ್ಯೂಬು ಕೈಗೆತ್ತಿಕೊಳ್ಳುವ ಮೊದಲೇ ಎರಡು ವಿಷಯ ತೀರ್ಮಾನ ಆಗಿರಬೇಕು: ವೈರು ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಮತ್ತು ಕೊರೆದ ತೂತಿನ ಒಳಗೋಡೆ ನೀರು ಕುಡಿಯುತ್ತದೋ ಇಲ್ಲವೋ. ಇವೆರಡು ಸರಿ ಇದ್ದರೆ ಸೀಲಂಟ್ ಸ್ವಲ್ಪ ಕೈಕೊಟ್ಟರೂ ದೋಣಿ ಉಳಿಯುತ್ತದೆ. ಇವೆರಡು ತಪ್ಪಿದರೆ ಎಷ್ಟು ದುಬಾರಿ ಸೀಲಂಟ್ ಬಳಿದರೂ ಎರಡನೇ ಮಳೆಗಾಲಕ್ಕೆ ಮತ್ತೆ ಅದೇ ಕಥೆ. "ಸಿಲಿಕಾನ್ ಬಡದು ಬಿಡ್ರಿ, ಮುಂದಿಂದು ಮುಂದ ನೋಡಮ" ಅನ್ನುವ ಮೇಸ್ತ್ರಿಯ ಕೈಗೆ ಡ್ರಿಲ್ ಕೊಡಬೇಡಿ.

ತೂತು ಎಲ್ಲಿ ಇರಬೇಕು

ನೆಲದ ಡೆಕ್ಕಿಗಿಂತ ಕ್ಯಾಬಿನ್ನಿನ ನೆಟ್ಟನೆ ಗೋಡೆ ಮೇಲು. ಗೋಡೆಯಲ್ಲೂ ಚಾವಣಿಯ ಅಂಚು ಹೊರಚಾಚಿದ ಜಾಗದ ಕೆಳಗೆ, ಹಿಂಭಾಗದ ಕಡೆ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಮಳೆ ನೇರ ಹೊಡೆಯುವುದಿಲ್ಲ, ನೀರು ನಿಲ್ಲುವುದಿಲ್ಲ. ಸೋಲಾರ್ ಪ್ಲೇಟು ಚಾವಣಿ ಮೇಲಿದೆ ಎಂದ ಮಾತ್ರಕ್ಕೆ ಚಾವಣಿಯನ್ನೇ ಕೊರೆಯಬೇಕೆಂದಿಲ್ಲ. ವೈರನ್ನು ಅಂಚಿನವರೆಗೆ ಒಯ್ದು, ಗೋಡೆಯಲ್ಲಿ ಒಳಗೆ ತನ್ನಿ. ಅರ್ಧ ಮೀಟರ್ ವೈರು ಹೆಚ್ಚು ಹೋದೀತು, ಹೋಗಲಿ.

ಡೆಕ್ಕನ್ನೇ ಕೊರೆಯಬೇಕಾದ ಪ್ರಸಂಗ ಬಂದರೆ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಎಲ್ಲಿಂದ ಸರಿದು ಹೋಗುತ್ತದೋ ಅಲ್ಲಿ ಕೊರೆಯಬಹುದು, ಎಲ್ಲಿ ನಿಲ್ಲುತ್ತದೋ ಅಲ್ಲಿ ಕೂಡದು. ಹಗ್ಗ ಎಳೆಯುವ ಜಾಗ, ಕಾಲಿಡುವ ಜಾಗ, ಬಲೆ ರಾಶಿ ಹಾಕುವ ಜಾಗ ಬಿಡಿ. ಒಳಗಿನಿಂದ ಟಾರ್ಚ್ ಹಿಡಿದು ಅದೇ ಜಾಗದ ತಳ ನೋಡಿ: ತೊಲೆ, ಡೀಸೆಲ್ ಟ್ಯಾಂಕು, ಹಳೆಯ ವೈರು ಏನೂ ಇರಬಾರದು. ಕೆಳಗೆ ಸ್ವಿಚ್ ಬೋರ್ಡಾಗಲಿ ಬ್ಯಾಟರಿಯಾಗಲಿ ನೇರ ಸಾಲಿನಲ್ಲಿ ಇರಬಾರದು, ಏಕೆಂದರೆ ಸೋರಿದ ಮೊದಲ ಹನಿ ಬೀಳುವುದು ಅದರ ಮೇಲೆ.

ನೀರಿನ ಮಟ್ಟಕ್ಕಿಂತ ಕೆಳಗೆ ವೈರಿಗಾಗಿ ತೂತು ಹಾಕುವ ಮಾತೇ ಬೇಡ. ದೋಣಿಯನ್ನು ಅಡ್ಡಲಾಗಿ ವಿಭಾಗಿಸುವ ನೀರು ತಡೆಗೋಡೆಯನ್ನೂ ಸ್ವಂತ ಬುದ್ಧಿಯಿಂದ ಕೊರೆಯಬೇಡಿ. ಎಂಜಿನ್ ಇರುವ ದೋಣಿ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿ, ಸರ್ವೆ ಆದದ್ದಾದರೆ ಸರ್ವೇಯರನ್ನು ಕೇಳಿಯೇ ಆ ಗೋಡೆ ಮುಟ್ಟಬೇಕು. ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ್ದು ಒಣಗಿರಲಿ ಎಂದೇ ಆ ಗೋಡೆ ಕಟ್ಟಿರುತ್ತಾರೆ.

ವೈರು: ದುಂಡಗಿರಲಿ, ತವರ ಲೇಪ ಇರಲಿ

ನಮ್ಮ ಮೂರೂ ಜಿಲ್ಲೆಯಲ್ಲಿ ಸುಲಭವಾಗಿ ಸಿಗುವ "ನೀರಿಗೆ ಜಗ್ಗದ" ಕೇಬಲ್ ಅಂದರೆ ಬೋರ್‌ವೆಲ್ ಮೋಟಾರಿನ ಚಪ್ಪಟೆ ಕೇಬಲ್. ತೋಟದಲ್ಲಿ ಉಳಿದ ತುಂಡು ದೋಣಿಗೆ ಬಂದುಬಿಡುತ್ತದೆ. ಕೇಬಲ್ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಆಗದು. ತೂತಿನಲ್ಲಿ ಕೂತು ಕೇಬಲನ್ನು ಬಿಗಿಹಿಡಿದು ನೀರು ತಡೆಯುವ ತಿರುಪಿನ ಬಿಡಿಭಾಗಕ್ಕೆ ಗ್ಲ್ಯಾಂಡು ಅನ್ನುತ್ತಾರೆ. ಅದರ ಒಳಗಿರುವ ರಬ್ಬರ್ ಬಳೆ ದುಂಡಗಿನ ಕೇಬಲನ್ನು ಸುತ್ತಲೂ ಸಮನಾಗಿ ಹಿಚುಕುವಂತೆ ಮಾಡಿದ್ದು. ಚಪ್ಪಟೆ ಕೇಬಲ್ ಹಾಕಿದರೆ ಎರಡು ಬದಿ ಬಿಗಿ, ಎರಡು ಬದಿ ಸಂದು. ಆ ಸಂದಿಗೆ ಅಂಟು ತುರುಕುವುದು ಶುರುವಾದರೆ ಗ್ಲ್ಯಾಂಡು ಇದ್ದೂ ಉಪಯೋಗವಿಲ್ಲ.

ಮರೈನ್ ಕೇಬಲ್ ಇಲ್ಲಿ ಸಿಗುವುದು ಕಷ್ಟ. ಅದಕ್ಕೆ ಹತ್ತಿರದ್ದು ಸೋಲಾರ್ ಅಂಗಡಿಯ ಡಿಸಿ ಕೇಬಲ್: ತವರ ಲೇಪಿಸಿದ ತಾಮ್ರದ ಸಣ್ಣ ಎಳೆಗಳು, ಬಿಸಿಲು ತಡೆಯುವ ಹೊದಿಕೆ, ಕೆಂಪು ಕಪ್ಪು ಎರಡೂ ಬಣ್ಣ, ದುಂಡಗಿನ ಮೈ. 4 ಚದರ ಮಿ.ಮೀ. ಕೇಬಲಿನ ಹೊರವ್ಯಾಸ ಸುಮಾರು 5ರಿಂದ 6 ಮಿ.ಮೀ. ಮನೆ ವೈರಿಂಗಿನ ಒಂಟಿ ವೈರಿಗೆ ಹೊರಕವಚವೂ ಇಲ್ಲ, ತವರವೂ ಇಲ್ಲ; ಬಿಸಿಲಿಗೆ ಒಡ್ಡಿದರೆ ಹೊದಿಕೆ ಸೀಳುತ್ತದೆ.

ದಪ್ಪ ಎಷ್ಟಿರಬೇಕೆಂಬುದನ್ನು ಅಂದಾಜಿಗೆ ಬಿಡಬೇಡಿ. ಲೆಕ್ಕ ಸರಳ: ತಾಮ್ರದ ತಡೆಯ ಅಂಕಿ 0.0175 ಅನ್ನು ಹೋಗಿ ಬರುವ ಒಟ್ಟು ಮೀಟರಿನಿಂದ ಗುಣಿಸಿ, ವೈರಿನ ಚದರ ಮಿ.ಮೀ.ನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ಅದನ್ನು ಆಂಪಿಯರಿನಿಂದ ಗುಣಿಸಿದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟ್. 12 ವೋಲ್ಟಿನ 55 ವ್ಯಾಟ್ ಸರ್ಚ್‌ಲೈಟ್ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ದೀಪಕ್ಕೆ 6 ಮೀಟರ್, ಅಂದರೆ ಹೋಗಿ ಬರಲು 12. ಒಂದು ಚದರ ಮಿ.ಮೀ. ವೈರಾದರೆ 0.97 ವೋಲ್ಟ್ ನಷ್ಟ, ಶೇ. 8, ದೀಪ ಮಂಕಾಗಿ ಕಾಣುತ್ತದೆ. 2.5ಕ್ಕೆ 0.39 ವೋಲ್ಟ್, ಶೇ. 3ರ ಆಸುಪಾಸು. 4ಕ್ಕೆ 0.24, ಶೇ. 2. ದೀಪಗಳಿಗೆ ಶೇ. 3 ದಾಟದಂತೆ ನೋಡಿಕೊಳ್ಳಿ.

ಸಾಮಾನು

ಉದಾಹರಣೆಗೆ ಒಂದು ಫೈಬರ್ ಕ್ಯಾಬಿನ್ ದೋಣಿ, ಮೇಲೆ 100 ವ್ಯಾಟಿನ ಸೋಲಾರ್ ಪ್ಲೇಟು ಒಂದು, ಸರ್ಚ್‌ಲೈಟ್ ಒಂದು ಎಂದಿಟ್ಟುಕೊಳ್ಳೋಣ. ಸೋಲಾರಿನ ಎರಡು ಒಂಟಿ ಕೇಬಲ್‌ಗೆ ಎಂ16 (16 ಮಿ.ಮೀ. ತಿರುಪಿನ) ಗ್ಲ್ಯಾಂಡು ಎರಡು, ಸರ್ಚ್‌ಲೈಟಿನ ಎರಡು ಎಳೆಯ ದುಂಡು ಕೇಬಲ್‌ಗೆ ಎಂ20 ಒಂದು. ಅಳತೆಗೊಂದರಂತೆ ಹೆಚ್ಚುವರಿ ಇರಲಿ. ಇವು ಪ್ಯಾನೆಲ್ ಬೋರ್ಡ್ ಮಾಡುವವರು ದಿನಾ ಬಳಸುವ ವಸ್ತು. ಕಲಬುರಗಿ ಸೂಪರ್ ಮಾರ್ಕೆಟ್ ಸುತ್ತಲಿನ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿ. ಬಿಳಿ ಬೂದು ಬಣ್ಣದ್ದು ಬೇಡ, ಬಿಸಿಲು ತಡೆಯುವ ಕಪ್ಪು ನೈಲಾನಿನದು ತಗೊಳ್ಳಿ. ನಿಕಲ್ ಲೇಪದ ಹಿತ್ತಾಳೆಯದಾದರೆ ಇನ್ನೂ ಬಾಳಿಕೆ. ಪ್ಯಾಕೆಟ್ ಮೇಲೆ ನೀರು ನುಗ್ಗದೆಂಬ ಐಪಿ68 ಗುರುತು ಇದ್ದರೂ ಆ ಮಾತು ನಿಲ್ಲುವುದು ಅದೇ ಪ್ಯಾಕೆಟ್ ಮೇಲಿರುವ ಕೇಬಲ್ ಅಳತೆಯೊಳಗೆ ಮಾತ್ರ. ನೈಲಾನ್ ಎಂ16ಕ್ಕೆ ಸಾಮಾನ್ಯವಾಗಿ 4ರಿಂದ 8 ಮಿ.ಮೀ., ಎಂ20ಕ್ಕೆ 6ರಿಂದ 12. ಕಂಪನಿಯಿಂದ ಕಂಪನಿಗೆ ಒಂದೆರಡು ಮಿ.ಮೀ. ಹೆಚ್ಚುಕಡಿಮೆ, ಹಾಗಾಗಿ ಅಂಗಡಿಗೆ ಹೋಗುವಾಗ ಕೇಬಲ್ ತುಂಡನ್ನೂ ವರ್ನಿಯರನ್ನೂ ಒಯ್ಯಿರಿ. ಕೇಬಲಿನ ಅಳತೆ ಆ ಎರಡು ಅಂಕಿಗಳ ನಡುವೆ ಬೀಳಲಿ, ತುದಿಗೆ ಬೇಡ.

ಉಳಿದಂತೆ: ಎಪಾಕ್ಸಿ ರೆಸಿನ್ ಮತ್ತು ಹಾರ್ಡ್‌ನರ್ (ಬೆರೆಸಿದರೆ ಗಟ್ಟಿಯಾಗುವ ಎರಡು ದ್ರವ) ಸೇರಿ 100 ಗ್ರಾಂ, ಆ ಮಿಶ್ರಣವನ್ನು ಮಂದ ಮಾಡುವ ಸಿಲಿಕಾ ಪುಡಿ ಒಂದು ಲೋಟ, ಪಾಲಿಯುರಿಥೇನ್ ಅಂದರೆ ಪಿಯು ಸೀಲಂಟ್ ಒಂದು ಟ್ಯೂಬು, ಅಸಿಟೋನ್ 200 ಮಿ.ಲೀ., ಮಾಸ್ಕಿಂಗ್ ಟೇಪು, ಕಂದು ಪ್ಯಾಕಿಂಗ್ ಟೇಪು, 80 ನಂಬರಿನ ಪಾಲಿಶ್ ಪೇಪರು, ಒಳಗೆ ಅಂಟು ಬಳಿದ, ಕಾಯಿಸಿದರೆ ಕುಗ್ಗಿ ಕಚ್ಚಿಕೊಳ್ಳುವ ಹೀಟ್ ಶ್ರಿಂಕ್ ಟ್ಯೂಬು, ಗ್ಲ್ಯಾಂಡಿನ ನಟ್ಟಿನ ಕೆಳಗಿಡಲು ಅಗಲವಾದ ಸ್ಟೇನ್‌ಲೆಸ್ ವಾಷರು, 20 ಮಿ.ಮೀ. ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ), ಮತ್ತು 75 ಮಿ.ಮೀ. ಉದ್ದದ ಒಂದು ಮೊಳೆ. ಮೊಳೆ ಯಾಕೆ ಎಂಬುದು ಮುಂದೆ.

ಡೆಕ್ಕಿನ ಹೊಟ್ಟೆಯೊಳಗಿನ ಮರ

ಅವಸರದಲ್ಲಿ ಜನ ಬಿಟ್ಟುಬಿಡುವ ಹಂತ ಇದು, ದೋಣಿ ಹಾಳಾಗುವುದೂ ಇಲ್ಲಿಂದಲೇ.

ಫೈಬರ್ ದೋಣಿಯ ಡೆಕ್ಕು ಪೂರ್ತಿ ಫೈಬರ್ ಅಲ್ಲ. ಮೇಲೊಂದು ಫೈಬರ್ ಪದರು, ಕೆಳಗೊಂದು, ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಫೋಮೋ ಇರುತ್ತದೆ. ಕ್ಯಾಬಿನ್ ಚಾವಣಿಯೂ ಹೆಚ್ಚಾಗಿ ಹೀಗೆಯೇ. ತೂತು ಕೊರೆದ ಕ್ಷಣ ಆ ಮರದ ಅಡ್ಡಕೊಯ್ತ ಬಯಲಾಗುತ್ತದೆ. ಮೇಲಿನ ಸೀಲಂಟ್ ಎಲ್ಲೋ ಕೂದಲೆಳೆಯಷ್ಟು ಬಿಟ್ಟರೆ ಸಾಕು, ನೀರು ಕೆಳಗೆ ಹನಿಯದೆ ಅಡ್ಡಡ್ಡ ಮರದೊಳಕ್ಕೆ ಹೋಗುತ್ತದೆ. ಒಳಗೆ ಹನಿ ಕಾಣದ ಕಾರಣ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ. ಎರಡು ವರ್ಷ ಕಳೆದ ಮೇಲೆ ಆ ಜಾಗದಲ್ಲಿ ಕಾಲಿಟ್ಟರೆ ಡೆಕ್ಕು ಮೆತ್ತಗೆ ಕುಸಿಯುತ್ತದೆ, ತುಳಿದಾಗ ಸ್ಕ್ರೂ ಸುತ್ತ ಕಂದು ನೀರು ಉಕ್ಕುತ್ತದೆ. ಆಗ ಕತ್ತರಿಸಿ ತೆಗೆಯಬೇಕಾದ್ದು ತೂತನ್ನಲ್ಲ, ಡೆಕ್ಕನ್ನೇ.

ತಡೆಯುವ ಉಪಾಯ: ತೂತಿನ ಸುತ್ತ ಮರವನ್ನು ತೆಗೆದು, ಆ ಜಾಗಕ್ಕೆ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಎಪಾಕ್ಸಿಯ ನಡುವೆ ಬೇಕಾದ ತೂತು ಕೊರೆಯುವುದು. ಗ್ಲ್ಯಾಂಡು ಆಗ ಮರವನ್ನು ಮುಟ್ಟುವುದೇ ಇಲ್ಲ.

1. ಮೊದಲು 3 ಮಿ.ಮೀ. ಬಿಟ್ಟಿನಿಂದ ಸಣ್ಣ ತೂತು. ಬರುವ ಪುಡಿ ನೋಡುತ್ತ ಕೊರೆಯಿರಿ. ಮೊದಲು ಬಿಳಿ ಒಣ ಪುಡಿ, ಅದು ಫೈಬರು. ಆಮೇಲೆ ತಿಳಿ ಬಣ್ಣದ ಮರದ ಹೊಟ್ಟು, ಮತ್ತೆ ಬಿಳಿ. ಹೊಟ್ಟು ಕಡುಕಂದಾಗಿ, ಹಸಿಯಾಗಿ ಬಿಟ್ಟಿಗೆ ಅಂಟಿಕೊಂಡು ಬಂದರೆ ಅಲ್ಲಿ ಮೊದಲೇ ನೀರು ಇಳಿದಿದೆ. ನಿಲ್ಲಿಸಿ; ಆ ಜಾಗ ರಿಪೇರಿಯಾಗದೆ ವೈರಿನ ಮಾತಿಲ್ಲ.

2. ಮಾಸ್ಕಿಂಗ್ ಟೇಪು ಹಚ್ಚಿ 20 ಮಿ.ಮೀ. ಹೋಲ್ ಸಾ ಹಾಕಿ. ಮೊದಲ ಕೆಲವು ಸುತ್ತು ಡ್ರಿಲ್ಲನ್ನು ಉಲ್ಟಾ ತಿರುಗಿಸಿದರೆ ಮೇಲಿನ ಬಣ್ಣದ ಪದರು ಸಿಡಿಯುವುದಿಲ್ಲ. ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ ಕೊರೆದರೆ ತಳದ ಪದರು ಸೀಳುವುದಿಲ್ಲ. ಫೈಬರ್ ಅಂದರೆ ಗಾಜಿನ ಎಳೆ, ಅದರ ಪುಡಿ ಕಣ್ಣಿಗೂ ಎದೆಗೂ ಕೆಟ್ಟದ್ದು. ಕನ್ನಡಕ, ಮಾಸ್ಕು ಇಲ್ಲದೆ ಕೂರಬೇಡಿ. ಪುಡಿ ಹೊಳೆಗೆ ಹೋಗದಂತೆ ಕೆಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ.

3. ಈಗ ಮೊಳೆ. ಅದರ ತಲೆ ಕತ್ತರಿಸಿ, ಕೊನೆಯ 12 ಮಿ.ಮೀ. ಭಾಗವನ್ನು ಲಂಬವಾಗಿ ಬಗ್ಗಿಸಿ, ಬಗ್ಗಿದ ತುದಿಯನ್ನು ಅರದಿಂದ ಚೂಪು ಮಾಡಿ ಡ್ರಿಲ್ಲಿಗೆ ಕಟ್ಟಿ. ತೂತಿನೊಳಗೆ ಇಳಿಸಿ ನಿಧಾನ ವೇಗದಲ್ಲಿ ಅಂಚಿನ ಗುಂಟ ಸುತ್ತಿಸಿ. ಎರಡು ಫೈಬರ್ ಪದರಿನ ನಡುವಿನ ಮರ ಮಾತ್ರ ಕೆದರಿ ಬರುತ್ತದೆ. ತೂತಿನ ಸುತ್ತ 12 ಮಿ.ಮೀ. ಪೊಳ್ಳಾಗಬೇಕು. ವ್ಯಾಕ್ಯೂಮ್ ಇದ್ದರೆ ಹೊಟ್ಟು ಎಳೆಯಿರಿ, ಇಲ್ಲದಿದ್ದರೆ ಸೈಕಲ್ ಪಂಪಿನಿಂದ ಊದಿ.

4. ಮರ ಒಣಗಿರಬೇಕು. ಏಪ್ರಿಲ್‌ನಲ್ಲಾದರೆ ಒಂದು ದಿನದ ಬಿಸಿಲು ಸಾಕು. ಮಳೆಗಾಲದಲ್ಲಾದರೆ ಹಾಟ್ ಏರ್ ಗನ್ ಹಿಡಿಯಿರಿ, ಹೊಗೆ ಬರುವಷ್ಟು ಬೇಡ.

5. ತಳಕ್ಕೆ ಕಂದು ಪ್ಯಾಕಿಂಗ್ ಟೇಪು ಬಿಗಿಯಾಗಿ ಅಂಟಿಸಿ. ಎಪಾಕ್ಸಿ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಮರದ ಪದರು 12 ಮಿ.ಮೀ. ದಪ್ಪವಿದ್ದರೆ ಪೊಳ್ಳು ಸುಮಾರು 18 ಮಿ.ಲೀ., ಫೈಬರ್ ಪದರಿನ ತೂತು ಸೇರಿ 20. ಒಂದು ತೂತಿಗೆ 25 ಮಿ.ಲೀ. ಕಲಸಿ, ಮೂರಕ್ಕೂ ಒಟ್ಟಿಗೆ ಕಲಸಬೇಡಿ. ಅಳತೆ ಡಬ್ಬಿ ಮೇಲೆ ಬರೆದಂತೆ. ತೂಕದ ಪ್ರಮಾಣ ಬೇರೆ, ಅಳತೆಯ ಪ್ರಮಾಣ ಬೇರೆ ಎಂಬುದು ನೆನಪಿರಲಿ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಅದು ಗಟ್ಟಿಯೇ ಆಗುವುದಿಲ್ಲ.

6. ಮೊದಲು ಸ್ವಲ್ಪ ತೆಳು ಎಪಾಕ್ಸಿಯನ್ನು ಬಗ್ಗಿದ ಕುಂಚದಿಂದ ಮರದ ಅಂಚಿಗೆ ಹಚ್ಚಿ ಹತ್ತು ನಿಮಿಷ ಕುಡಿಯಲು ಬಿಡಿ. ಉಳಿದದ್ದಕ್ಕೆ ಸಿಲಿಕಾ ಪುಡಿ ಬೆರೆಸಿ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಮಾಡಿ, ಸೂಜಿ ಇಲ್ಲದ ಸಿರಿಂಜಿನಿಂದ ಮೂಲೆ ಮೂಲೆಗೆ ತುಂಬಿ. ಗಾಳಿಗುಳ್ಳೆ ಉಳಿಯದಂತೆ ಕಡ್ಡಿಯಿಂದ ಚುಚ್ಚಿ, ಡೆಕ್ಕಿನ ಮಟ್ಟಕ್ಕೆ ಸವರಿ.

7. ಒಂದು ದಿನ ಬಿಟ್ಟು ನಡುವೆ ಅಸಲಿ ತೂತು: ಎಂ16ಕ್ಕೆ 16.5 ಮಿ.ಮೀ., ಎಂ20ಕ್ಕೆ 20.5. ತೂತಿನ ಗೋಡೆಯಲ್ಲಿ ಎಲ್ಲೂ ಮರ ಕಾಣಬಾರದು. ಕಂಡರೆ ಅಲ್ಲಿಗೆ ಮತ್ತೊಮ್ಮೆ ಎಪಾಕ್ಸಿ.

ತೂತುಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 60 ಮಿ.ಮೀ. ಅಂತರ ಬಿಡಿ. ಇಲ್ಲವಾದರೆ ಎರಡು ಪೊಳ್ಳು ಕೂಡಿಕೊಂಡು ಪದರು ಸಡಿಲಾಗುತ್ತದೆ, ಪಾನಾ ತಿರುಗಿಸಲೂ ಜಾಗ ಇರುವುದಿಲ್ಲ.

ನಮ್ಮ ಬಿಸಿಲಿಗೆ ಒಂದು ಎಚ್ಚರಿಕೆ. ವಾತಾವರಣ 10 ಡಿಗ್ರಿ ಏರಿದರೆ ಎಪಾಕ್ಸಿಯ ಕೆಲಸದ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡಬ್ಬಿ ಮೇಲೆ 25 ಡಿಗ್ರಿಗೆ ಅರ್ಧ ಗಂಟೆ ಎಂದಿದ್ದರೆ, ಮೇ ತಿಂಗಳ ಮಧ್ಯಾಹ್ನ ಹತ್ತು ನಿಮಿಷವೂ ಸಿಗುವುದು ಕಷ್ಟ. ಲೋಟದಲ್ಲಿ ದಪ್ಪಗೆ ನಿಂತ ಎಪಾಕ್ಸಿ ತನ್ನ ಕಾವಿಗೆ ತಾನೇ ಹೊಗೆಯಾಡಿ ಲೋಟವನ್ನೇ ಕರಗಿಸುತ್ತದೆ. ಬೆಳಗಿನ ಆರಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿ.

ಫೈಬರ್ ಅಂಗಡಿಯವರು ಎಪಾಕ್ಸಿಯ ಬದಲು ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಕೊಡಬಹುದು. ಅದು ಗಟ್ಟಿಯಾಗುತ್ತ ಕುಗ್ಗುತ್ತದೆ, ಹಳೆಯ ಫೈಬರಿಗೂ ಮರಕ್ಕೂ ಎಪಾಕ್ಸಿಯಷ್ಟು ಕಚ್ಚುವುದಿಲ್ಲ. ಎಂ-ಸೀಲಿನಂಥ ನಾದುವ ಎಪಾಕ್ಸಿ ಮರದೊಳಗೆ ಇಂಗುವುದಿಲ್ಲ; ಪೈಪಿನ ಸೋರಿಕೆಗೆ ಅದು ಸರಿ, ಇಲ್ಲಿಗೆ ಅಲ್ಲ.

ಸೀಲಂಟ್ ಯಾವುದು

ಬಚ್ಚಲು ಮನೆಗೆ ಬಳಸುವ, ಹುಳಿ ವಾಸನೆಯ ಸಿಲಿಕಾನ್ ಮುಟ್ಟಬೇಡಿ. ಅದರಿಂದ ಹೊರಡುವ ಆಮ್ಲ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒಮ್ಮೆ ಸಿಲಿಕಾನ್ ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಸೀಲಂಟೂ ನಿಲ್ಲುವುದಿಲ್ಲ, ಪಾಲಿಶ್ ಪೇಪರಿನಿಂದ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ.

ಬೇಕಾದದ್ದು ಪಿಯು ಸೀಲಂಟ್, ಅಥವಾ ಎಂಎಸ್ ಪಾಲಿಮರ್ ಎಂಬ ಇನ್ನೊಂದು ಬಗೆಯ ಸೀಲಂಟ್. ಬಸ್ ಬಾಡಿ ಕಟ್ಟುವವರ ಬಳಿ ಬಾಡಿ ಸೀಲಂಟ್ ಎಂದು ಸಿಗುತ್ತದೆ. ಕಾರಿನ ಮುಂದಿನ ಗಾಜು ಕೂರಿಸುವ ಕಪ್ಪು ಅಂಟು ಸಹ ಪಿಯು ಜಾತಿಯೇ, ಆದರೆ ಅದನ್ನು ಬಿಸಿಲಿಗೆ ಒಡ್ಡುವಂತೆ ಮಾಡಿರುವುದಿಲ್ಲ, ಮುಂದೆ ಗ್ಲ್ಯಾಂಡು ಬಿಚ್ಚಬೇಕೆಂದರೆ ಫೈಬರ್ ಪದರೇ ಕಿತ್ತು ಬರುವಷ್ಟು ಕಚ್ಚುತ್ತದೆ. ಪಾಲಿಸಲ್ಫೈಡ್ ಎಂಬ ಸೀಲಂಟ್ ಸಿಕ್ಕರೆ ಅದನ್ನು ಅಕ್ರಿಲಿಕ್, ಪಾಲಿಕಾರ್ಬೊನೇಟ್, ಎಬಿಎಸ್ ಪ್ಲಾಸ್ಟಿಕ್ಕಿನ ಹತ್ತಿರ ತರಬೇಡಿ, ಬಿರಿಯುತ್ತವೆ.

ಪಿಯು ಒಣಗುವುದು ಬಿಸಿಲಿನಿಂದಲ್ಲ, ಗಾಳಿಯ ತೇವದಿಂದ. ಹಾಗಾಗಿ ಏಪ್ರಿಲ್ ಮೇ ಒಣ ಗಾಳಿಯಲ್ಲಿ ಅದು ತಡ ಮಾಡುತ್ತದೆ, ಆಗಸ್ಟಿನಲ್ಲಿ ಬೇಗ ಆಗುತ್ತದೆ. ಬೇಸಿಗೆಯಲ್ಲಿ ಮೇಲೆ ತೆಳು ಚರ್ಮ ಕಟ್ಟಿದ ಬಳಿಕ ಸುತ್ತ ಸ್ವಲ್ಪ ನೀರು ಚಿಮುಕಿಸಿದರೆ ಸಹಾಯ. ಏನೇ ಆದರೂ ಎರಡು ದಿನ ವೈರು ಜಗ್ಗಬೇಡಿ.

ಗ್ಲ್ಯಾಂಡು ಕೂರಿಸುವುದು

ತೂತಿನ ಮೇಲಂಚನ್ನು ಒಂದೂವರೆ ಮಿ.ಮೀ.ನಷ್ಟು ಓರೆಯಾಗಿ ಕೆರೆಯಿರಿ. ಆ ಸಣ್ಣ ಕಾಲುವೆಯಲ್ಲಿ ನಿಲ್ಲುವ ಸೀಲಂಟಿನ ಉಂಗುರವೇ ನಿಜವಾದ ತಡೆ. ಸಮತಟ್ಟು ಜಾಗದ ತೆಳು ಪದರು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಬಿಡಿಸಿಕೊಳ್ಳುತ್ತದೆ. ಬೀದರಿನ ಡಿಸೆಂಬರ್ ಬೆಳಗಿಗೂ ಮೇ ಮಧ್ಯಾಹ್ನಕ್ಕೂ ಇರುವ ಅಂತರವನ್ನು ಆ ಉಂಗುರ ತಾಳಿಕೊಳ್ಳಬೇಕು.

ಸುತ್ತ ಪಾಲಿಶ್ ಪೇಪರಿನಿಂದ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಜಿಡ್ಡು ಉಳಿಸುತ್ತವೆ. ಗ್ಲ್ಯಾಂಡಿನ ಅಂಚಿಗಿಂತ ತುಸು ಹೊರಗೆ ಮಾಸ್ಕಿಂಗ್ ಟೇಪಿನ ಚೌಕಟ್ಟು ಕಟ್ಟಿದರೆ ಕೊನೆಗೆ ಕೆಲಸ ಅಚ್ಚುಕಟ್ಟು. ಗ್ಲ್ಯಾಂಡಿನ ಬುಡಕ್ಕೂ ಓರೆ ಅಂಚಿಗೂ 3 ಮಿ.ಮೀ. ದಪ್ಪದ ಸೀಲಂಟಿನ ಎಳೆ ಕಡಿಯದಂತೆ ಒಂದು ಸುತ್ತು ಹಾಕಿ. ಕೆಳಗಿನಿಂದ ಅಗಲ ವಾಷರು, ಆಮೇಲೆ ನಟ್ಟು. ಮೊದಲ ದಿನ ಕೈಯಿಂದಲೇ ಬಿಗಿ ಮಾಡಿ, ಸುತ್ತಲೂ ಸೀಲಂಟ್ ಸಮನಾಗಿ ಹೊರಬರುವವರೆಗೆ ಮಾತ್ರ. ಪೂರ್ತಿ ಹಿಂಡಿಬಿಟ್ಟರೆ ಒಳಗೆ ಏನೂ ಉಳಿಯದು. ಮರುದಿನ ಮೇಲಿನ ಭಾಗವನ್ನು ಒಂದು ಪಾನಾದಿಂದ ಅಲುಗದಂತೆ ಹಿಡಿದು, ಕೆಳಗಿನ ನಟ್ಟನ್ನಷ್ಟೇ ಕಾಲು ಸುತ್ತು. ಮೇಲಿನದು ತಿರುಗಿದರೆ ಕೂಡಿಕೊಂಡ ಸೀಲಂಟ್ ಹರಿಯುತ್ತದೆ.

ಕೇಬಲ್ ತೂರಿಸುವಾಗ ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್. ಎರಡನ್ನು ಜೋಡಿಸಿ ತುರುಕಿದರೆ ನಡುವಿನ ಕಣಿವೆಯಲ್ಲಿ ನೀರು ಇಳಿಯುತ್ತದೆ. ಅನಿವಾರ್ಯವಾದರೆ ಎರಡು ಮೂರು ತೂತಿನ ರಬ್ಬರ್ ಬಳೆ ಇರುವ ಗ್ಲ್ಯಾಂಡು ತರಿಸಿ, ಖಾಲಿ ತೂತಿಗೆ ಗಟ್ಟಿ ಕಡ್ಡಿ ಹಾಕಿ. ಗ್ಲ್ಯಾಂಡಿನ ಬಾಯಿಂದ 50 ಮಿ.ಮೀ.ವರೆಗೆ ಕೇಬಲ್ ನೆಟ್ಟಗಿರಲಿ. ಅಲ್ಲೇ ಬಗ್ಗಿಸಿದರೆ ಒಂದು ಬದಿ ರಬ್ಬರ್ ಬಿಡುತ್ತದೆ. ಮೇಲಿನ ಟೋಪಿ ನಟ್ಟನ್ನು ಕೈಯಿಂದ ಬಿಗಿ ಮಾಡಿ, ಪಾನಾದಿಂದ ಅರ್ಧದಿಂದ ಒಂದು ಸುತ್ತು. ಸೀಲಂಟಿನ ಎರಡು ದಿನ ಕಳೆದ ಮೇಲೆ ಜೋರಾಗಿ ಜಗ್ಗಿ ನೋಡಿ, ಜಾರಬಾರದು. ಅದಕ್ಕೂ ಮಿಕ್ಕಿ ಬಿಗಿದರೆ ನೈಲಾನು ಇವತ್ತಲ್ಲ, ಒಂದು ಬೇಸಿಗೆ ಕಳೆದ ಮೇಲೆ ಸೀಳುತ್ತದೆ.

ಸೋಲಾರ್ ಕೇಬಲಿನ ಎಂಸಿ4 ಕನೆಕ್ಟರು ಗ್ಲ್ಯಾಂಡಿನಲ್ಲಿ ತೂರುವುದಿಲ್ಲ. ಮೊದಲು ಕೇಬಲ್ ಎಳೆದು, ಆಮೇಲೆ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಹಿಚುಕಿ ಕೂಡಿಸಿ.

ನೀರಿಗೆ ಹತ್ತಲು ಬಿಡದ ಬಾಗು

ಕೇಬಲ್ ಮೇಲಿನಿಂದ ನೇರ ಗ್ಲ್ಯಾಂಡಿಗೆ ಇಳಿದರೆ ಅದರ ಮೈ ಹಿಡಿದು ಮಳೆನೀರು ಸತತವಾಗಿ ಗ್ಲ್ಯಾಂಡಿನ ಬಾಯಿಗೆ ಬರುತ್ತಲೇ ಇರುತ್ತದೆ. ಗೋಡೆಯ ಗ್ಲ್ಯಾಂಡಾದರೆ ಕೇಬಲನ್ನು ಮೊದಲು ಅದಕ್ಕಿಂತ 75 ಮಿ.ಮೀ. ಕೆಳಗೆ ಇಳಿಸಿ, ಮತ್ತೆ ಮೇಲೆ ತಂದು ಒಳಗೆ ಹೊಗಿಸಿ. ನೀರು ಬಾಗಿನ ತಳದಿಂದ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಒಳಗೂ ಸ್ವಿಚ್ ಬೋರ್ಡಿಗೆ ಮೊದಲು ಇಂಥದೇ ಒಂದು ಬಾಗು ಇರಲಿ. ಬೋರ್ಡಿಗೆ ವೈರು ಕೆಳಗಿನಿಂದ ಬರಲಿ. ಕಾಸು ಖರ್ಚಿಲ್ಲದ ಈ ಬಾಗಿನಷ್ಟು ಕೆಲಸ ಸೀಲಂಟೂ ಮಾಡುವುದಿಲ್ಲ.

ಐದಾರು ಕೇಬಲ್ ಒಟ್ಟಿಗೆ ಇಳಿಯಬೇಕಾದರೆ, ಅಥವಾ ಕತ್ತರಿಸಲಾಗದ ದಪ್ಪ ಪ್ಲಗ್ ಇರುವ ಮೀನು ಪತ್ತೆ ಯಂತ್ರದ ಕೇಬಲ್ ಇದ್ದರೆ, ಗ್ಲ್ಯಾಂಡು ಬಿಟ್ಟು ಹಂಸದ ಕತ್ತಿನಂತೆ ಬಗ್ಗಿದ ಸ್ಟೇನ್‌ಲೆಸ್ ಪೈಪು ಹಾಕಿ. ಡೆಕ್ಕಿನಿಂದ 200ರಿಂದ 300 ಮಿ.ಮೀ. ಎತ್ತರ, ಬಾಯಿ ನೆಲದ ಕಡೆ, ದೋಣಿಯ ಹಿಂಭಾಗಕ್ಕೆ ಮುಖ. ಬುಡದ ತಟ್ಟೆಗೆ ನಾಲ್ಕು ಬೋಲ್ಟು. ಪ್ರತಿ ಬೋಲ್ಟಿನ ತೂತಿಗೂ ಮೇಲೆ ಹೇಳಿದ ಎಪಾಕ್ಸಿ ಕೆಲಸ ತಪ್ಪದು. ಪೈಪಿನ ಬಾಯಿಗೆ ಫೋಮ್ ತುಂಡು ತುರುಕಿ. ನೀರಿಗಾಗಿ ಅಲ್ಲ, ಕಣಜಕ್ಕಾಗಿ: ಬೇಸಿಗೆಯಲ್ಲಿ ಅವು ಮಣ್ಣಿನ ಗೂಡು ಕಟ್ಟಿದರೆ ಮುಂದೆ ಒಂದು ವೈರೂ ಅಲ್ಲಾಡುವುದಿಲ್ಲ.

ಲೋಹದ ದೋಣಿ, ಗಾಳಿ ದೋಣಿ

ಅಲ್ಯೂಮಿನಿಯಂ ದೋಣಿಗೆ ಹಿತ್ತಾಳೆ ಗ್ಲ್ಯಾಂಡು ಬೇಡ, ನೈಲಾನೇ ಇರಲಿ. ಎರಡು ಲೋಹ ಸೇರಿ ನೀರು ಬಿದ್ದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಉಕ್ಕಿನ ದೋಣಿಯ ಡೆಕ್ಕಿಗೆ 75 ಮಿ.ಮೀ. ಎತ್ತರದ ಪೈಪ್ ತುಂಡನ್ನು ಬೆಸುಗೆ ಹಾಕಿಸಿ, ಅದರ ತಲೆಗೆ ಗ್ಲ್ಯಾಂಡು ಕೂರಿಸಿ. ಬೆಸುಗೆಯ ಸುತ್ತ ಒಳಗೂ ಹೊರಗೂ ಎಪಾಕ್ಸಿ ಪ್ರೈಮರ್. ಎರಡರಲ್ಲೂ ದೋಣಿಯ ಮೈಯನ್ನೇ ನೆಗೆಟಿವ್ ವೈರಾಗಿ ಬಳಸುವ ಟ್ರ್ಯಾಕ್ಟರ್ ಪದ್ಧತಿ ಕೂಡದು. ಗಾಳಿ ತುಂಬಿದ ದೋಣಿಯಲ್ಲಿ ಕೊರೆಯುವ ಪ್ರಶ್ನೆ ಬರುವುದಿಲ್ಲ. ಹಿಂದಿನ ಎಂಜಿನ್ ಹಲಗೆಗೆ ಕ್ಲಾಂಪ್ ಹಾಕಿ ವೈರನ್ನು ಅಂಚಿನ ಮೇಲಿಂದ ತನ್ನಿ.

ಒಳಗೆ

ಗ್ಲ್ಯಾಂಡಿನಿಂದ 150 ಮಿ.ಮೀ.ನೊಳಗೆ ಮೊದಲ ಕ್ಲಿಪ್ಪು, ಆಮೇಲೆ 450 ಮಿ.ಮೀ.ಗೊಂದು. ತೊಲೆ ದಾಟುವಲ್ಲಿ ತೂತಿನ ಅಂಚಿಗೆ ರಬ್ಬರ್ ಗ್ರೊಮೆಟ್ (ಬಳೆ). ಎಂಜಿನ್ನಿನ ನಡುಕಕ್ಕೆ ವೈರು ಅಂಚಿಗೆ ಉಜ್ಜಿ ತಾಮ್ರ ಕಾಣುವುದು ಒಂದೆರಡು ಸೀಸನ್ನಿನ ಕೆಲಸ. ಪಾಸಿಟಿವ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು, 4.6 ಆಂಪಿಯರ್ ದೀಪಕ್ಕೆ 7.5 ಆಂಪಿಯರಿನದು ಸಾಕು. ಜೋಡಣೆಗೆ ಕ್ರಿಂಪ್, ಅದರ ಮೇಲೆ ಅಂಟು ಇರುವ ಹೀಟ್ ಶ್ರಿಂಕ್. ಬೋರ್‌ವೆಲ್ ಜಾಯಿಂಟಿನ ಹಾಗೆ ತಿರುಚಿ ಟೇಪು ಸುತ್ತಿದರೆ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ

ಎರಡು ದಿನ ಕಳೆದ ಮೇಲೆ ಒಳಗಡೆ ಗ್ಲ್ಯಾಂಡಿನ ಸುತ್ತ ಚಾಕ್‌ಪೀಸಿನ ಪುಡಿ ಹಚ್ಚಿ. ಹೊರಗಿನಿಂದ ಪೈಪಿನ ನೀರನ್ನು ಸಾದಾ ಧಾರೆಯಲ್ಲಿ, ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೇರುತ್ತ ಹತ್ತು ನಿಮಿಷ ಬಿಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿಂದ ಸೋರಿತು ಎಂದು ತಿಳಿಯದು. ಗಾಡಿ ತೊಳೆಯುವ ಪ್ರೆಶರ್ ಗನ್ ಬೇಡ, ಅದು ಒಳ್ಳೆಯ ಗ್ಲ್ಯಾಂಡನ್ನೂ ಕೆಡಿಸುತ್ತದೆ.

ಡೆಕ್ಕಿನ ಮೇಲಿನ ಗ್ಲ್ಯಾಂಡಿಗೆ ಇನ್ನೊಂದು ಕಠಿಣ ಪರೀಕ್ಷೆ. ನೀರಿನ ಬಾಟಲಿಯ ನಡುಭಾಗ ಕತ್ತರಿಸಿ, ಒಂದು ಬದಿ ಸೀಳಿ, ಕೇಬಲ್ ಸುತ್ತ ಬಳೆಯಂತೆ ನಿಲ್ಲಿಸಿ ಸೀಳಿಗೆ ಟೇಪು ಹಚ್ಚಿ. ಬುಡವನ್ನು ಬ್ಯೂಟೈಲ್ ಎಂಬ ಮೆತ್ತನೆ ಅಂಟು ಟೇಪಿನಿಂದ ಡೆಕ್ಕಿಗೆ ಅಂಟಿಸಿ, ನೀಲಿ ಬೆರೆಸಿದ ನೀರನ್ನು 50 ಮಿ.ಮೀ. ಎತ್ತರಕ್ಕೆ ತುಂಬಿ, ಎಲ್ಲಿಯವರೆಗೆ ತುಂಬಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆಯಿರಿ. ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಗಿನ ಬಿಳಿ ಪುಡಿಯಲ್ಲಿ ನೀಲಿ ಕಲೆ ಇರಬಾರದು. ಕಲೆ ಇಲ್ಲ, ಆದರೆ ನೀರು ಮಾತ್ರ ಗೆರೆಯಿಂದ ಕೆಳಗಿಳಿದಿದೆ ಎಂದಾದರೆ ಮೊದಲು ಬಳೆಯ ಬುಡ ಹೊರಗೆ ಒಣಗಿದೆಯೇ ನೋಡಿ. ಒಣಗಿದ್ದರೆ ನೀರು ಡೆಕ್ಕಿನ ಪದರಿನೊಳಗೆ ಹೋಗಿದೆ, ಎಪಾಕ್ಸಿ ಎಲ್ಲೋ ತುಂಬಿಲ್ಲ.

ಸೋರಿದರೆ ಎಲ್ಲಿಂದ

ಒಳಗಿನ ನಟ್ಟಿನ ಸುತ್ತ ತೇವ ಇದ್ದರೆ ಬುಡದ ಸೀಲಂಟ್ ಹೋಗಿದೆ. ಗ್ಲ್ಯಾಂಡು ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು ಹೊಸದಾಗಿ ಕೂರಿಸಿ. ಮೇಲಿನಿಂದ ಇನ್ನೊಂದು ಪದರು ಬಳಿಯುವುದು ಬೇಡ, ಬಿರುಕು ಅದರ ಅಡಿಯಲ್ಲೇ ಉಳಿದಿರುತ್ತದೆ. ಕೇಬಲಿನ ಮೈಗುಂಟ ಹನಿ ಬಂದರೆ ರಬ್ಬರ್ ಬಳೆಯ ಅಳತೆ ತಪ್ಪಿದೆ ಅಥವಾ ಟೋಪಿ ನಟ್ಟು ಸಡಿಲ.

ತಲೆ ಕೆಡಿಸುವುದು ಮೂರನೆಯದು: ಗ್ಲ್ಯಾಂಡಿನ ಸುತ್ತ ಎಲ್ಲ ಒಣ, ಆದರೂ ಸ್ವಿಚ್ಚಿನ ಹತ್ತಿರ ವೈರಿನ ತುದಿಯಿಂದ ಹನಿ. ನೀರು ಕೇಬಲಿನ ಹೊಟ್ಟೆಯೊಳಗೇ ಬಂದಿದೆ. ಮೇಲೆ ದೀಪದ ಹತ್ತಿರ ತುದಿ ತೆರೆದಿದ್ದರೆ, ಅಥವಾ ಹೊರಕವಚ ಎಲ್ಲೋ ಸೀಳಿದ್ದರೆ, ತಾಮ್ರದ ಎಳೆಗಳ ನಡುವಿನ ಸಂದು ನೀರನ್ನು ಬತ್ತಿಯಂತೆ ಎಳೆದುಕೊಂಡು ಮೀಟರುಗಟ್ಟಲೆ ಒಯ್ಯುತ್ತದೆ. ಗ್ಲ್ಯಾಂಡು ನಾಲ್ಕು ಸಲ ಬದಲಿಸಿದರೂ ಇದು ನಿಲ್ಲದು. ಎರಡೂ ತುದಿಯಲ್ಲಿ 20 ಮಿ.ಮೀ. ಹೊದಿಕೆ ಸುಲಿದು ನೋಡಿ. ತಾಮ್ರ ಕಪ್ಪು ಅಥವಾ ಹಸಿರಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ, ಸಿಗದಿದ್ದರೆ ಕೇಬಲನ್ನೇ ಬದಲಿಸಿ. ಹೊಸ ತುದಿಗೆ ಕವಚದ ಮೇಲೂ ಒಳ ಎಳೆಗಳ ಮೇಲೂ ಅಂಟಿನ ಹೀಟ್ ಶ್ರಿಂಕ್ ಎಳೆಯಿರಿ.

ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ, ಮಳೆಗೆ ಮುನ್ನ ಎಲ್ಲ ಟೋಪಿ ನಟ್ಟು ಕೈಯಿಂದ ತಿರುಗಿಸಿ ನೋಡಿ. ನೈಲಾನಿನ ಮೇಲೆ ಉಗುರಿನಿಂದ ಗೀಚಿದಾಗ ಬೂದಿಯಂಥ ಪುಡಿ ಬಂದರೆ, ಸಣ್ಣ ಗೆರೆ ಕಂಡರೆ ಆ ಗ್ಲ್ಯಾಂಡಿನ ಆಯುಷ್ಯ ಮುಗಿದಿದೆ. ಯಾವುದೋ ದೀಪ ತೆಗೆದುಹಾಕಿ ಕೇಬಲ್ ಎಳೆದುಕೊಂಡರೆ ಗ್ಲ್ಯಾಂಡನ್ನು ಖಾಲಿ ಬಿಡಬೇಡಿ. ಅದೇ ಅಳತೆಯ ಬಂದ್ ಪ್ಲಗ್ ಸಿಗುತ್ತದೆ, ಅದು ಬರುವವರೆಗೆ ಒಂದು ಗೇಣು ಹಳೆಯ ಕೇಬಲ್ ತುಂಡಿಗೆ ಎರಡೂ ಕಡೆ ಅಂಟಿನ ಹೀಟ್ ಶ್ರಿಂಕ್ ಟೋಪಿ ಹಾಕಿ ಅದರಲ್ಲಿ ತೂರಿಸಿ ಬಿಗಿದಿಡಿ.